ಬೀಗ ಹಾಕಿದ ನೆಟ್‌ವರ್ಕ್‌ನ ಸ್ಟೇಟಸ್ ಹೊರಗೆ ತರೋದು: ಯಾವ ದಾರಿ ಯಾರಿಗೆ?

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿಯಿಂದ ಫೋನ್ ಬಂತು. "ಸಾರ್, ನಿಮ್ಮ ಸ್ಕ್ರೀನ್‌ನಲ್ಲಿ ನಮ್ಮ ಸ್ಟೋರೇಜ್ ಹೇಗಿದೆ?" ನೋಡಿದೆ. ಹಸಿರು. "ಚೆನ್ನಾಗಿದೆ ಅಲ್ವಾ, ಏನಾಯ್ತು?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಶನಿವಾರವೇ ಎರಡು ಡಿಸ್ಕ್ ಹೋಗಿವೆ ಸಾರ್. ನಿಮ್ಮ ಕಡೆಯಿಂದ ಯಾರೂ ಫೋನ್ ಮಾಡಲಿಲ್ಲ, ಅದಕ್ಕೇ ಕೇಳಿದೆ."

ಆಮೇಲೆ ಕೆದಕಿದಾಗ ಗೊತ್ತಾದದ್ದು ಇಷ್ಟು. ಶುಕ್ರವಾರ ರಾತ್ರಿ ಫೈರ್‌ವಾಲ್‌ನಲ್ಲಿ ಹಳೇ ರೂಲ್‌ಗಳನ್ನೆಲ್ಲ ಗುಡಿಸಿದ್ದಾರೆ. 5667 ಪೋರ್ಟ್‌ನ ರೂಲ್ ಯಾರದ್ದು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಮುಚ್ಚಿಬಿಟ್ಟಿದ್ದಾರೆ. ಒಳಗಿನ ನಾಗಿಯೋಸ್, ಅಂದರೆ ಸರ್ವರ್, ಡಿಸ್ಕ್ ಎಲ್ಲದರ ಮೇಲೆ ಕಣ್ಣಿಡುವ ಮಾನಿಟರಿಂಗ್ ಸಾಫ್ಟ್‌ವೇರ್, ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಡಿಸ್ಕ್ ಹೋದ ಕೂಡಲೇ ಕೆಂಪು ತೋರಿಸಿದೆ. ಆದರೆ ಒಳಗಿನಿಂದ ಮೇಲ್ ಹೋಗುವ ಹಾಗಿಲ್ಲ, ಶನಿವಾರ ಅಲ್ಲಿ ಸ್ಕ್ರೀನ್ ಮುಂದೆ ಕೂರುವವರೂ ಇಲ್ಲ, ಕೆಂಪು ಹೊರಗೆ ಬರಬೇಕಿದ್ದ ಒಂದೇ ಕಿಂಡಿ ಮುಚ್ಚಿತ್ತು. ನಮ್ಮ ಸರ್ವರ್ ಕೊನೆಗೆ ಬಂದ ಸುದ್ದಿಯನ್ನೇ ಹಿಡಿದುಕೊಂಡು ಎರಡು ದಿನ ಹಸಿರಾಗಿ ಕೂತಿತ್ತು.

ಫೈರ್‌ವಾಲ್ ಹಾಕಿ ಬೇರ್ಪಡಿಸಿದ ನೆಟ್‌ವರ್ಕ್‌ನ ಒಂದೊಂದು ಭಾಗಕ್ಕೆ ಝೋನ್ ಅನ್ನುತ್ತಾರೆ. ಹೀಗಾಗಿ ಯಾರಾದರೂ "ಆ ಝೋನ್‌ನ ಸ್ಟೇಟಸ್ ಈ ಝೋನ್‌ನಲ್ಲಿ ಕಾಣಬೇಕು, ಯಾವ ಟೂಲ್ ಹಾಕೋಣ?" ಅಂತ ಕೇಳಿದರೆ ನಾನು ಟೂಲ್ ಹೆಸರು ಹೇಳೋಕೆ ಮುಂಚೆ ಮೂರು ಪ್ರಶ್ನೆ ಕೇಳುತ್ತೇನೆ. ಬಾಗಿಲು ತೆಗೆಯೋದು ಯಾವ ಕಡೆಯವರು? ಬಾಗಿಲು ತೆಗೆದ ಮೇಲೆ ಹೊರಗಿನಿಂದ ಒಳಗೆ ಏನೇನು ಹೋಗಬಹುದು? ಸುದ್ದಿ ಬರೋದೇ ನಿಂತರೆ ನಿಮಗೆ ಗೊತ್ತಾಗುತ್ತದಾ?

ಮೊದಲನೆಯದನ್ನು ಎಲ್ಲರೂ ಕೇಳಿಕೊಳ್ಳುತ್ತಾರೆ, ಯಾಕೆಂದರೆ ಫೈರ್‌ವಾಲ್ ಟೀಮ್‌ನವರು ಅದನ್ನು ಕೇಳದೆ ಬಿಡುವುದಿಲ್ಲ. ಎರಡನೆಯದರಲ್ಲಿ ತುಂಬಾ ಜನ ಎಡವುತ್ತಾರೆ. ಕನೆಕ್ಷನ್ ಒಳಗಿನಿಂದ ಹೊರಗೆ ಶುರುವಾಗುತ್ತದೆ ಅಂದ ಮಾತ್ರಕ್ಕೆ ಮಾಹಿತಿಯೂ ಒಳಗಿನಿಂದ ಹೊರಗೆ ಮಾತ್ರ ಹರಿಯುತ್ತದೆ ಅಂತ ಅಲ್ಲ. ಟಿಸಿಪಿ, ಅಂದರೆ ಎರಡೂ ತುದಿ ಕೈಕುಲುಕಿ ಶುರುಮಾಡುವ ಕನೆಕ್ಷನ್, ಒಮ್ಮೆ ತೆರೆದರೆ ಎರಡೂ ಕಡೆ ಮಾತು ನಡೆಯುತ್ತದೆ. ಫೈರ್‌ವಾಲ್ ರೂಲ್‌ನಲ್ಲಿ ಬಾಣದ ಗುರುತು ಒಂದೇ ಕಡೆಗೆ ಇದೆ ಅಂತ ನೆಮ್ಮದಿಯಾಗಿ ಮಲಗಬೇಡಿ.

ಸೆಂಟರ್‌ನಿಂದಲೇ ಒಳಗೆ ಹೋಗಿ ಕೇಳೋದು

ಎಲ್ಲಕ್ಕಿಂತ ಸುಲಭದ ದಾರಿ ಇದು. ಹೊರಗಿನ ಮಾನಿಟರಿಂಗ್ ಸರ್ವರ್ ಒಳಗಿನ ಪ್ರತಿ ಸ್ವಿಚ್ಚನ್ನೂ ಎಸ್‌ಎನ್‌ಎಂಪಿಯಲ್ಲಿ (ಡಿವೈಸ್‌ಗಳ ಸ್ಥಿತಿ ಕೇಳುವ ಭಾಷೆ) ಯುಡಿಪಿ (ಉತ್ತರಕ್ಕೆ ಕಾಯದೆ ಪ್ಯಾಕೆಟ್ ಎಸೆಯುವ ವಿಧಾನ) 161ಕ್ಕೆ ಹೋಗಿ ಕೇಳುತ್ತದೆ, ಪ್ರತಿ ಸರ್ವರ್ ಅನ್ನೂ ಎನ್‌ಆರ್‌ಪಿಇ (ಆ ಸರ್ವರ್‌ನಲ್ಲೇ ಕೂತು ಚೆಕ್ ಓಡಿಸುವ ನಾಗಿಯೋಸ್‌ನ ಏಜೆಂಟ್) ಮೂಲಕ 5666ಕ್ಕೆ ಹೋಗಿ ಕೇಳುತ್ತದೆ. ಹತ್ತು ಡಿವೈಸ್ ಇದ್ದಾಗ ಚೆನ್ನಾಗಿರುತ್ತದೆ. ಇನ್ನೂರು ಆದಾಗ ಫೈರ್‌ವಾಲ್‌ನಲ್ಲಿ ಇನ್ನೂರು ರೂಲ್, ಇಲ್ಲವೇ ಸಾಕಾಗಿ ಯಾರೋ ಹಾಕಿದ "ಈ ಐಪಿಯಿಂದ ಎಲ್ಲಾ ಕಡೆ ಬಿಡಿ" ಅನ್ನುವ ಒಂದೇ ರೂಲ್. ಎರಡನೆಯದೇ ಆಗುತ್ತದೆ, ನೋಡಿದ್ದೇನೆ.

ಆಗ ಹೊರಗಿನ ಆ ಒಂದು ಸರ್ವರ್ ಯಾರ ಕೈಗಾದರೂ ಸಿಕ್ಕಿದರೆ ಒಳಗಿನ ಎಲ್ಲಾ ಬಾಗಿಲೂ ಸಿಕ್ಕಿದ ಹಾಗೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. 2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಓರಿಯನ್ ವಿಷಯ ಹೊರಬಿತ್ತಲ್ಲ, ಅಲ್ಲಿ ಮಾನಿಟರಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲೇ ಹಿಂಬಾಗಿಲು ಸೇರಿಕೊಂಡಿತ್ತು. ಎಲ್ಲವನ್ನೂ ನೋಡುವ ಹಕ್ಕಿದ್ದ ಸರ್ವರ್‌ಗಳಿಗೇ ಅದು ಹೋಗಿ ಕೂತಿತು.

ಎನ್‌ಆರ್‌ಪಿಇ ಬಳಸುವವರಿಗೆ ಒಂದು ಮಾತು. ಅದರ ಕಾನ್ಫಿಗ್‌ನಲ್ಲಿ "ಡೋಂಟ್ ಬ್ಲೇಮ್ ಎನ್‌ಆರ್‌ಪಿಇ" ಅಂತ ಒಂದು ಸಾಲಿದೆ, ತಮಾಷೆ ಅಲ್ಲ, ನಿಜವಾಗಿ ಅದೇ ಹೆಸರು. ಅದನ್ನು 1 ಮಾಡಿದರೆ ಹೊರಗಿನವರು ಕಮಾಂಡ್ ಜೊತೆಗೆ ಆರ್ಗ್ಯುಮೆಂಟ್ ಕೂಡ ಕಳಿಸಬಹುದು. ಬರೆದವರೇ ಆಮೇಲೆ ನಮ್ಮನ್ನು ಬೈಯಬೇಡಿ ಅಂತ ಹೆಸರಲ್ಲೇ ಹೇಳಿದ್ದಾರೆ. 0ಯಲ್ಲೇ ಇರಲಿ.

ಎರಡೂ ಝೋನ್ ನಿಮ್ಮದೇ, ನಡುವೆ ಇರೋದು ಆಫೀಸ್‌ನ ಎರಡು ಫ್ಲೋರ್ ಅನ್ನುವಷ್ಟೇ ದೂರ ಅಂದರೆ ಈ ದಾರಿ ಸರಿ. ಉಳಿದವರು ಮುಂದಕ್ಕೆ ಹೋಗಿ.

ಒಳಗಿನಿಂದ ತಳ್ಳೋದು: ಎನ್‌ಎಸ್‌ಸಿಎ, ಎನ್‌ಆರ್‌ಡಿಪಿ

ಒಳಗೆ ಒಂದು ಪೂರ್ತಿ ನಾಗಿಯೋಸ್ ಇರುತ್ತದೆ. ಅದೇ ಎಲ್ಲವನ್ನೂ ನೋಡಿ, ಫಲಿತಾಂಶವನ್ನು ಮಾತ್ರ ಹೊರಗಿನ ನಾಗಿಯೋಸ್‌ಗೆ ಕಳಿಸುತ್ತದೆ. ಅದನ್ನು ಸಾಗಿಸುವ ಎರಡು ಟೂಲ್ ಎನ್‌ಎಸ್‌ಸಿಎ, ಎನ್‌ಆರ್‌ಡಿಪಿ. ಕಳಿಸೋದು ಒಂದು ಸಾಲು ಅಷ್ಟೇ: ಹೋಸ್ಟ್ ಹೆಸರು, ಸರ್ವಿಸ್ ಹೆಸರು, ಒಂದು ಅಂಕಿ, ಒಂದು ವಾಕ್ಯ. ಅಂಕಿ 0 ಆದರೆ ಚೆನ್ನಾಗಿದೆ, 1 ಆದರೆ ಎಚ್ಚರಿಕೆ, 2 ಆದರೆ ಕೆಟ್ಟಿದೆ, 3 ಆದರೆ ಗೊತ್ತಿಲ್ಲ. ಈ ಸರಳತನವೇ ನನಗೆ ಇದರಲ್ಲಿ ಇಷ್ಟ. ಒಳಗಿನ ಪಾಸ್‌ವರ್ಡ್ ಒಳಗೇ ಉಳಿಯುತ್ತದೆ, ಏನು ಚೆಕ್ ಮಾಡಬೇಕು ಅಂತ ತೀರ್ಮಾನಿಸುವವರೂ ಒಳಗಿನವರೇ, ಹೊರಗಿನಿಂದ ಏನನ್ನೂ ಮಾಡಿಸುವ ಹಾಗಿಲ್ಲ.

ತೊಂದರೆಗಳೂ ಇವೆ. ಒಳಗೊಂದು ಹೊರಗೊಂದು ಅಂತ ಎರಡು ಕಡೆ ಕಾನ್ಫಿಗ್ ಬರೆಯಬೇಕು, ಹೆಸರಲ್ಲಿ ಒಂದಕ್ಷರ ತಪ್ಪಿದರೂ ಸುದ್ದಿ ಸೇರಬೇಕಾದ ಕಡೆ ಸೇರುವುದಿಲ್ಲ. ಎನ್‌ಎಸ್‌ಸಿಎಯ ಎನ್‌ಕ್ರಿಪ್ಷನ್ ಎರಡೂ ಕಡೆ ಬರೆದಿಟ್ಟ ಒಂದೇ ಪಾಸ್‌ವರ್ಡ್ ಮೇಲೆ ನಿಂತಿದೆ, ವಿಧಾನ 1 ಅಂತ ಬಿಟ್ಟಿದ್ದರೆ ಅದು ಸುಮ್ನೆ ಎಕ್ಸಾರ್, ಸುಲಭವಾಗಿ ಬಿಡಿಸಬಹುದಾದ ಬಿಟ್ ಅದಲುಬದಲು, ಎನ್‌ಕ್ರಿಪ್ಷನ್ ಅಂತ ಕರೆಯೋದಕ್ಕೇ ಸಂಕೋಚ ಆಗುತ್ತದೆ. ಹೊಸದಾಗಿ ಹಾಕುವವರು ಎನ್‌ಆರ್‌ಡಿಪಿ ನೋಡಿ. ಅದು ಎಚ್‌ಟಿಟಿಪಿಎಸ್ ಮೇಲೆ ಟೋಕನ್ ಹಿಡಿದುಕೊಂಡು ಹೋಗುತ್ತದೆ, ಎರಡು ಝೋನ್‌ಗಳ ನಡುವಿನ ಡಿಎಂಝಡ್‌ನಲ್ಲಿರುವ, ವೆಬ್ ಕರೆಗಳನ್ನು ಮುಂದಕ್ಕೆ ದಾಟಿಸುವ ಮಾಮೂಲಿ ರಿವರ್ಸ್ ಪ್ರಾಕ್ಸಿಯಲ್ಲೇ ದಾಟಿಸಬಹುದು, ಫೈರ್‌ವಾಲ್‌ನವರಿಗೂ 443 ಅಂದರೆ ಬೇಗ ಅರ್ಥ ಆಗುತ್ತದೆ.

ನಮ್ಮ ಎರಡು ದಿನದ ಹಸಿರು ನಡೆದದ್ದು ಇಲ್ಲೇ, ಅವರು ಮುಚ್ಚಿದ 5667 ಎನ್‌ಎಸ್‌ಸಿಎಯ ಪೋರ್ಟ್. ಆದರೆ ತಪ್ಪು ಎನ್‌ಎಸ್‌ಸಿಎಯದ್ದಲ್ಲ. ನಾಗಿಯೋಸ್‌ನಲ್ಲಿ ಪ್ರತಿ ಸರ್ವಿಸ್‌ಗೂ ಫ್ರೆಶ್‌ನೆಸ್ ಚೆಕ್ ಅಂತ ಇದೆ. ಒಳಗಿನಿಂದ ಬರುವ ಫಲಿತಾಂಶ ಇಷ್ಟು ಸೆಕೆಂಡ್‌ಗಿಂತ ಹಳೆಯದಾದರೆ ಆ ಸರ್ವಿಸ್‌ಗೆ ಬರೆದಿಟ್ಟ ಕಮಾಂಡ್ ಅನ್ನು ನಾಗಿಯೋಸ್ ತಾನೇ ಓಡಿಸುತ್ತದೆ. ಆ ಕಮಾಂಡ್ ಜಾಗದಲ್ಲಿ ಚೆಕ್ ಡಮ್ಮಿ ಪ್ಲಗಿನ್‌ಗೆ 2 ಅಂತ ಕೊಟ್ಟು, ಪಕ್ಕದಲ್ಲಿ "ಒಳಗಿನಿಂದ ಸುದ್ದಿ ಇಲ್ಲ" ಅಂತ ಬರೆದಿಟ್ಟರೆ ಮುಗಿಯಿತು, ಸುದ್ದಿ ನಿಂತ ಕೂಡಲೇ ಕೆಂಪು. ನಾವು ಅದನ್ನು ಹಾಕಿರಲಿಲ್ಲ. ನಾವಾಗಿ ಆನ್ ಮಾಡದಿದ್ದರೆ ಅದು ಆಫ್ ಆಗಿಯೇ ಇರುತ್ತದೆ.

ಝಾಬಿಕ್ಸ್ ಪ್ರಾಕ್ಸಿ

ಇದು ತುಂಬಾ ಜನರಿಗೆ ಸರಿಹೋಗುವ ದಾರಿ. ಝಾಬಿಕ್ಸ್ ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್. ಒಳಗೆ ಅದರ ಒಂದು ಪ್ರಾಕ್ಸಿ, ಅಂದರೆ ಸರ್ವರ್ ಪರವಾಗಿ ಡೇಟಾ ಕೂಡಿಸುವ ಪ್ರತಿನಿಧಿ, ಇಡಿ. ಆಕ್ಟಿವ್ ಮೋಡ್‌ನಲ್ಲಿ, ಅಂದರೆ ಡೀಫಾಲ್ಟ್ ಆಗಿಯೇ, ಅದು ತಾನಾಗಿ ಹೊರಗಿನ ಸರ್ವರ್‌ನ 10051ಕ್ಕೆ ಕನೆಕ್ಟ್ ಆಗುತ್ತದೆ. ಫೈರ್‌ವಾಲ್‌ನಲ್ಲಿ ಒಂದೇ ರೂಲ್, ಅದೂ ಒಳಗಿನಿಂದ ಹೊರಗೆ. ಟಿಎಲ್‌ಎಸ್ ಎನ್‌ಕ್ರಿಪ್ಷನ್ ಇದೆ, ಸರ್ಟಿಫಿಕೇಟ್ ತಲೆನೋವು ಬೇಡ ಅಂದರೆ ಪಿಎಸ್‌ಕೆ, ಅಂದರೆ ಎರಡೂ ಕಡೆ ಬರೆದಿಡುವ ಒಂದೇ ಗುಟ್ಟಿನ ಕೀ, ಕೂಡ ಇದೆ. ಕಾನ್ಫಿಗ್ ಎಲ್ಲಾ ಒಂದೇ ಕಡೆ, ಹೊರಗಿನ ವೆಬ್ ಪುಟದಲ್ಲೇ ಮಾಡಬಹುದು. ಸೆಕ್ಯುರಿಟಿ ಮೀಟಿಂಗ್‌ನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ.

ಆದರೆ ಎರಡನೇ ಪ್ರಶ್ನೆ ಕೇಳಿ ನೋಡಿ. ಕಾನ್ಫಿಗ್ ಹೊರಗೆ ಮಾಡುತ್ತೀರಿ ಅಂದರೆ ಅದು ಒಳಗೆ ಹೋಗಲೇಬೇಕಲ್ವಾ? ಪ್ರಾಕ್ಸಿ ಫೋನ್ ಮಾಡುತ್ತದೆ, ಸರ್ವರ್ ಏನು ಮಾಡಬೇಕು ಅಂತ ಹೇಳುತ್ತದೆ. ಒಳಗಿನ ಸ್ವಿಚ್‌ಗಳ ಎಸ್‌ಎನ್‌ಎಂಪಿ ಪಾಸ್‌ವರ್ಡ್‌ಗಳೂ ಸಾಮಾನ್ಯವಾಗಿ ಹೊರಗಿನ ಡೇಟಾಬೇಸ್‌ನಲ್ಲೇ ಕೂತಿರುತ್ತವೆ, ಪ್ರಾಕ್ಸಿಗೆ ಅಲ್ಲಿಂದಲೇ ಬರುತ್ತವೆ. ಬೀಗ ಒಳಗೆ, ಕೀ ಗೊಂಚಲು ಹೊರಗೆ. ನಿಮ್ಮ ಝೋನ್ ಬರೀ ಬೇರೆ ಊರಿನ ಬ್ರಾಂಚ್ ಆಫೀಸ್ ಆದರೆ ಇದು ಪರವಾಗಿಲ್ಲ. ಒಳಗಿರೋದು ಕಂಟ್ರೋಲ್ ಸಿಸ್ಟಮ್ ಆದರೆ, ಅಥವಾ ಒಳಗಿನ ಝೋನ್‌ಗೆ ಹೊರಗಿನವರ ಮೇಲೆ ನಂಬಿಕೆ ಇರಬಾರದು ಅನ್ನೋದೇ ನಿಯಮ ಆದರೆ, ನಾನು ಹಾಕುವುದಿಲ್ಲ. ಪ್ರಾಕ್ಸಿಯಲ್ಲಿ ರಿಮೋಟ್ ಕಮಾಂಡ್ ಡೀಫಾಲ್ಟ್ ಆಗಿ ಆಫ್ ಇದೆ, ಒಳ್ಳೆಯದು, ಹಾಗೇ ಇರಲಿ.

ಇನ್ನೊಂದು ಚಿಕ್ಕ ವಿಷಯ, ದೊಡ್ಡದಾಗಿ ಕಚ್ಚುತ್ತದೆ. ಲಿಂಕ್ ಹೋದಾಗ ಪ್ರಾಕ್ಸಿ ಡೇಟಾವನ್ನು ತನ್ನ ಬಳಿ ಕೂಡಿಟ್ಟು ಆಮೇಲೆ ಕಳಿಸುತ್ತದೆ. ಎಷ್ಟು ಹೊತ್ತಿನದ್ದು? ನೀವೇನೂ ಬದಲಿಸದಿದ್ದರೆ 1 ಗಂಟೆಯದ್ದು. 720 ಗಂಟೆವರೆಗೆ ಏರಿಸಬಹುದು. ರಾತ್ರಿ ಲಿಂಕ್ ಹೋಗಿ ಬೆಳಿಗ್ಗೆ ಬಂದರೆ ನಡುವಿನ ಗ್ರಾಫ್ ಖಾಲಿ, ಮ್ಯಾನೇಜರ್ ಬಂದು ಕೇಳೋದೂ ಆ ಖಾಲಿ ಜಾಗದ ಬಗ್ಗೆಯೇ. ಮತ್ತೆ, ಪ್ರಾಕ್ಸಿ ಕೊನೆಗೆ ಯಾವಾಗ ಮಾತಾಡಿತು ಅನ್ನೋದಕ್ಕೆ ಲಾಸ್ಟ್ ಆಕ್ಸೆಸ್ ಅಂತ ಒಂದು ಐಟಂ ಇದೆ, ಅದಕ್ಕೆ ಬೇರೆ ಟ್ರಿಗರ್ ಹಾಕಿ.

ಐಸಿಂಗಾ 2

ನಾಗಿಯೋಸ್‌ನಿಂದ 2009ರಲ್ಲಿ ಕವಲೊಡೆದು ಬಂದದ್ದು ಐಸಿಂಗಾ. ಅದರ ಎರಡನೇ ಆವೃತ್ತಿಯನ್ನು ಪೂರ್ತಿ ಹೊಸದಾಗಿ ಬರೆದರು, ಅದರಲ್ಲಿ ಝೋನ್ ಅನ್ನೋದು ಕಾನ್ಫಿಗ್ ಭಾಷೆಯಲ್ಲೇ ಇರುವ ಪದ. ಒಳಗಿನ ಝೋನ್‌ನಲ್ಲಿ ಚೆಕ್ ಓಡಿಸುವ ಒಂದು ಸ್ಯಾಟಲೈಟ್, ಹೊರಗೆ ಎಲ್ಲವನ್ನೂ ತೋರಿಸುವ ಮಾಸ್ಟರ್, ನಡುವೆ 5665ರಲ್ಲಿ ಟಿಎಲ್‌ಎಸ್, ಎರಡೂ ಕಡೆ ಸರ್ಟಿಫಿಕೇಟ್.

ಇದರಲ್ಲಿ ನನಗೆ ಹಿಡಿಸಿದ್ದು ಎರಡು. ಯಾರು ಯಾರಿಗೆ ಕನೆಕ್ಟ್ ಆಗಬೇಕು ಅನ್ನೋದು ನಿಮ್ಮ ಕೈಯಲ್ಲಿದೆ: ಎಂಡ್‌ಪಾಯಿಂಟ್‌ಗೆ, ಅಂದರೆ ಎದುರು ಕಡೆಯ ಐಸಿಂಗಾಗೆ, ಹೋಸ್ಟ್ ವಿಳಾಸ ಯಾವ ಕಡೆಯ ಕಾನ್ಫಿಗ್‌ನಲ್ಲಿ ಬರೆಯುತ್ತೀರೋ ಆ ಕಡೆಯಿಂದ ಬಾಗಿಲು ತೆರೆಯುತ್ತದೆ. ಒಳಗಡೆ ಮಾತ್ರ ಬರೆದರೆ ಒಳಗಿನಿಂದ ಮಾತ್ರ. ಎರಡನೆಯದಾಗಿ, ಕಾನ್ಫಿಗ್ ಒಪ್ಪಿಕೊಳ್ಳುವುದು ಮತ್ತು ಕಮಾಂಡ್ ಒಪ್ಪಿಕೊಳ್ಳುವುದು ಬೇರೆ ಬೇರೆ ಸ್ವಿಚ್, ಎರಡೂ ಮೊದಲಿಗೆ ಆಫ್. ಎರಡನ್ನೂ ಆಫ್ ಬಿಟ್ಟು, ಒಳಗಿನ ಕಾನ್ಫಿಗ್ ಒಳಗೇ ಬರೆದರೆ ಹೊರಗಿನವರು ಒಳಗೆ ಹೊಸ ಕಾನ್ಫಿಗ್ ಹಾಕುವ, ತಮ್ಮ ಕಮಾಂಡ್ ಓಡಿಸುವ ಹಾಗಿಲ್ಲ. ಹಾಗೆ ಮಾಡಿದರೆ ಕೆಲಸ ಜಾಸ್ತಿ, ನಿಜ. ಹೋಸ್ಟ್‌ಗಳ ಪಟ್ಟಿ ಎರಡೂ ಕಡೆ ಒಂದೇ ಇರುವಂತೆ ನೋಡಿಕೊಳ್ಳಬೇಕು. ಆದರೆ ಎರಡನೇ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡೋಕೆ ಬಿಡುವ ಟೂಲ್ ಇದು.

ಲಿಂಕ್ ಹೋದರೆ ಒಂದು ದಿನದ ಫಲಿತಾಂಶಗಳನ್ನು ಕೂಡಿಟ್ಟುಕೊಳ್ಳುತ್ತದೆ. ಝೋನ್ ಸಂಪರ್ಕದಲ್ಲಿದೆಯಾ ಅಂತ ನೋಡಲು ಕ್ಲಸ್ಟರ್-ಝೋನ್ ಅನ್ನುವ ಚೆಕ್ ಸಿದ್ಧವಾಗಿಯೇ ಬರುತ್ತದೆ. ಸರ್ಟಿಫಿಕೇಟ್ ಬಗ್ಗೆ ಮಾತ್ರ ಗಮನ ಇರಲಿ, ಅದರೊಳಗಿನ ಹೆಸರು ಎಂಡ್‌ಪಾಯಿಂಟ್ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಮೊದಲ ದಿನ ಇದರಲ್ಲೇ ಅರ್ಧ ದಿನ ಹೋಗುತ್ತದೆ.

ಚೆಕ್‌ಎಂಕೆ ಮನೆಯ ಎರಡು ಬಾಗಿಲು

ಚೆಕ್‌ಎಂಕೆ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಸ್ಥಾಪನೆಗೆ ಸೈಟ್ ಅನ್ನುತ್ತಾರೆ. ಅಲ್ಲಿ ಮಾಮೂಲಿ ದಾರಿ ಲೈವ್‌ಸ್ಟೇಟಸ್. ಹೊರಗಿನ ಸೈಟ್ ಒಳಗಿನ ಸೈಟ್‌ನ 6557ಕ್ಕೆ ಹೋಗಿ ಬೇಕಾದಾಗ ಬೇಕಾದ್ದನ್ನು ಕೇಳುತ್ತದೆ. ಡೇಟಾ ನಕಲಾಗುವುದಿಲ್ಲ, ಸ್ಕ್ರೀನ್ ತೆರೆದಾಗ ಮಾತ್ರ ಪ್ರಶ್ನೆ ಹೋಗುತ್ತದೆ, ವೇಗವಾಗಿದೆ. ಆದರೆ ಬಾಗಿಲು ಹೊರಗಿನಿಂದ ಒಳಗೆ ತೆರೆಯುತ್ತದೆ. "ಸ್ಟೇಟಸ್" ಅನ್ನುವ ಹೆಸರು ನೋಡಿ ಇದು ಬರೀ ಓದುವ ದಾರಿ ಅಂತ ತಿಳಿಯಬೇಡಿ, ಅದೇ ದಾರಿಯಲ್ಲಿ ಕಮಾಂಡ್ ಕೂಡ ಹೋಗುತ್ತದೆ.

ಕಮ್ಮಿ ಜನಕ್ಕೆ ಗೊತ್ತಿರೋದು ಎರಡನೇ ದಾರಿ, ಸಿಎಂಸಿಡಂಪ್. ಒಳಗಿನ ಸೈಟ್ ತನ್ನ ಸ್ಟೇಟಸ್ ಅನ್ನೆಲ್ಲ ಒಂದು ಫೈಲ್‌ಗೆ ಸುರಿಯುತ್ತದೆ, ಆ ಫೈಲನ್ನು ನೀವು ಹೇಗಾದರೂ ಹೊರಗೆ ಸಾಗಿಸಿ, ಹೊರಗಿನ ಸೈಟ್ ಅದನ್ನು ಓದಿಕೊಳ್ಳುತ್ತದೆ. ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ ಮಾತ್ರ ಇದೆ. ಉಚಿತ ಆವೃತ್ತಿಯ ನಾಗಿಯೋಸ್ ಕೋರ್‌ಗೆ ಲೈವ್‌ಡಂಪ್ ಅಂತ ಇದೇ ಜಾತಿಯದ್ದು ಇದೆ. ಈ ಎರಡರಲ್ಲೂ ಹೊರಗಿನಿಂದ ಅಕ್ನಾಲೆಡ್ಜ್ (ನೋಡಿದ್ದೇನೆ ಅನ್ನುವ ಗುರುತು) ಮಾಡಿದರೆ, ಡೌನ್‌ಟೈಮ್ (ರಿಪೇರಿಗೆ ಬಿಡುವು) ಹಾಕಿದರೆ ಒಳಗೆ ತಲುಪುವುದಿಲ್ಲ. ನಮಗೆ ಬೇಕಾಗಿದ್ದೂ ಅದೇ ತಾನೆ?

ಪ್ರೊಮೀಥಿಯಸ್ ಇದ್ದವರಿಗೆ

ಪ್ರೊಮೀಥಿಯಸ್ ಅಂಕಿ-ಅಂಶಗಳನ್ನು ಕೂಡಿಟ್ಟು ಅಲಾರ್ಮ್ ಹೊಡೆಯುವ ಮಾನಿಟರಿಂಗ್ ಸಾಫ್ಟ್‌ವೇರ್. ಫೆಡರೇಶನ್ ಅಂದರೆ ಹೊರಗಿನ ಪ್ರೊಮೀಥಿಯಸ್ ಒಳಗಿನದರ 9090ಕ್ಕೆ ಹೋಗಿ ಎಳೆದುಕೊಳ್ಳುವುದು, ಮತ್ತೆ ಬಾಗಿಲು ಒಳಮುಖ. ರಿಮೋಟ್ ರೈಟ್ ಆದರೆ ಒಳಗಿನದು ಹೊರಗೆ ತಳ್ಳುತ್ತದೆ, ಕಾನ್ಫಿಗ್ ಒಳಗೇ ಉಳಿಯುತ್ತದೆ, ಹೊರಗಿನಿಂದ ಹಿಂತಿರುಗೋದು ಎಚ್‌ಟಿಟಿಪಿ ಉತ್ತರ ಮಾತ್ರ. ನನ್ನ ಓಟು ರಿಮೋಟ್ ರೈಟ್‌ಗೆ. ಲಿಂಕ್ ಹೋದರೆ ಸುಮಾರು 2 ಗಂಟೆ ತಡೆದುಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಆದರೆ ಹಳೆಯದು ಕಳೆದುಹೋಗುತ್ತದೆ. ತಳ್ಳಿದ ಸಂಖ್ಯೆಗಳನ್ನು ಹಿಡಿದಿಡುವ ಪುಷ್‌ಗೇಟ್‌ವೇಯನ್ನು ಈ ಕೆಲಸಕ್ಕೆ ತರಬೇಡಿ. ಕೊನೆಗೆ ಕೊಟ್ಟ ಸಂಖ್ಯೆಯನ್ನು ಅದು ಯಾರಾದರೂ ಅಳಿಸುವವರೆಗೂ ತೋರಿಸುತ್ತಲೇ ಇರುತ್ತದೆ. ನಮ್ಮ ಶನಿವಾರದ ಹಸಿರು ಅಲ್ಲಿ ಹುಟ್ಟುಗುಣ.

ಇಲ್ಲಿನ ಬಲೆ ಬೇರೆ ಥರದ್ದು. ಐದು ನಿಮಿಷ ಡೇಟಾ ಬರದಿದ್ದರೆ ಆ ಸೀರೀಸ್ ಲೆಕ್ಕದಿಂದಲೇ ಮಾಯ. "ಡಿಸ್ಕ್ 90%ಗಿಂತ ಜಾಸ್ತಿ" ಅಂತ ಅಲಾರ್ಮ್ ಹೊಡೆಯುತ್ತಿದ್ದಾಗಲೇ ಲಿಂಕ್ ಹೋದರೆ, ಅಲಾರ್ಮ್ ತಾನಾಗಿ ನಿಂತು "ಸರಿಹೋಯಿತು" ಅಂತ ಮೆಸೇಜ್ ಬರುತ್ತದೆ. ಏನೂ ಸರಿಹೋಗಿಲ್ಲ. ಅದಕ್ಕೇ ಡೇಟಾ ಇಲ್ಲದಿದ್ದರೆ ಹೊಡೆಯುವ ಅಬ್ಸೆಂಟ್ ಫಂಕ್ಷನ್ ಹಾಕಿದ ರೂಲ್ ಒಂದು ಬೇಕು. ಯಾವಾಗಲೂ ಹೊಡೆಯುತ್ತಲೇ ಇರುವ ವಾಚ್‌ಡಾಗ್ ಅಲಾರ್ಮ್ ಇನ್ನೊಂದು ಬೇಕು, ಅದರ ಸದ್ದು ನಿಂತರೆ ಏನೋ ಆಗಿದೆ ಅಂತ ಅರ್ಥ.

ಟ್ರ್ಯಾಪ್, ಸಿಸ್ಲಾಗ್, ಮೇಲ್

ಟ್ರ್ಯಾಪ್ ಅಂದರೆ ಡಿವೈಸ್ ತಾನಾಗಿ ಎಸೆಯುವ ಎಸ್‌ಎನ್‌ಎಂಪಿ ಸಂದೇಶ, ಸಿಸ್ಲಾಗ್ ಅಂದರೆ ಲಾಗ್ ಸಾಲುಗಳನ್ನು ಕಳಿಸುವ ವಿಧಾನ. ಇವು ಸ್ಟೇಟಸ್ ಅಲ್ಲ, ಘಟನೆಗಳು. "ಕೆಟ್ಟಿತು" ಅನ್ನೋದು ಬರುತ್ತದೆ, "ಈಗ ಹೇಗಿದೆ" ಅನ್ನೋದು ಬರುವುದಿಲ್ಲ. ಬೇರೆ ದಾರಿಯ ಜೊತೆಗೆ ಇರಲಿ, ಒಂಟಿಯಾಗಿ ಬೇಡ.

ಡೇಟಾ ಡಯೋಡ್: ಹಿಂದಿರುಗದ ದಾರಿ

ಕರೆಂಟ್ ಗ್ರಿಡ್, ನೀರು ಸರಬರಾಜು, ದೊಡ್ಡ ಪ್ಲಾಂಟ್‌ಗಳಂಥ ಕಡೆ ಫೈರ್‌ವಾಲ್ ರೂಲ್ ಸಾಕಾಗುವುದಿಲ್ಲ, ಹಾರ್ಡ್‌ವೇರ್‌ನಲ್ಲೇ ಒಂದೇ ದಿಕ್ಕು ಇರಬೇಕು ಅನ್ನುತ್ತಾರೆ. ಅದೇ ಡೇಟಾ ಡಯೋಡ್. ಮೂಲದಲ್ಲಿ ಅದು ಫೈಬರ್‌ನ ಒಂದೇ ಎಳೆ. ಒಳಗಿನ ಕಡೆ ಬೆಳಕು ಬಿಡುವ ತುದಿ, ಹೊರಗಿನ ಕಡೆ ಬೆಳಕು ಹಿಡಿಯುವ ತುದಿ, ವಾಪಸ್ ಎಳೆಯೇ ಇಲ್ಲ. ಯಾರು ಎಷ್ಟೇ ಬುದ್ಧಿವಂತರಾದರೂ ಇಲ್ಲದ ತಂತಿಯಲ್ಲಿ ಒಳಗೆ ಬರಲಾರರು.

ಲ್ಯಾಬ್‌ನಲ್ಲಿ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರ್‌ಗೆ ಜೋಡಿಸುವ ಡಬ್ಬಿ) ಇಟ್ಟುಕೊಂಡು ಇದನ್ನು ಮಾಡಿ ನೋಡಿದ್ದೆ. ಮೊದಲ ಸಲ ಲಿಂಕ್ ಲೈಟೇ ಬರಲಿಲ್ಲ. ಕಳಿಸುವ ಕಡೆಯ ಕನ್ವರ್ಟರ್ ತನ್ನ ಹಿಡಿಯುವ ತುದಿಗೂ ಬೆಳಕು ಬರಲಿ ಅಂತ ಕಾಯುತ್ತಾ ಕೂತಿತ್ತು. ಅದಕ್ಕೆ ಬೆಳಕು ತೋರಿಸೋಕೆ ಅಂತಲೇ ಮೂರನೆಯದೊಂದು ಕನ್ವರ್ಟರ್ ತಂದು ಸುಮ್ನೆ ಉರಿಸಬೇಕಾಯಿತು. ಲೈಟ್ ಬಂತು, ಪಿಂಗ್ ಬರಲಿಲ್ಲ. ಬರೋದು ಹೇಗೆ, ಉತ್ತರ ಹಿಂದಿರುಗೋಕೆ ದಾರಿಯೇ ಇಲ್ಲವಲ್ಲ! "ಈ ಐಪಿ ಯಾವ ಕಾರ್ಡ್‌ನದ್ದು" ಅಂತ ಕೇಳುವ ಎಆರ್‌ಪಿಗೂ ಉತ್ತರ ಬರದ ಕಾರಣ ಆ ಕಡೆಯ ಮ್ಯಾಕ್ ವಿಳಾಸವನ್ನು, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತನ್ನು, ಕೈಯಲ್ಲೇ ಬರೆದಿಡಬೇಕು. ಅಷ್ಟಾದ ಮೇಲೆ ಯುಡಿಪಿ ಹೋಯಿತು.

ಡಯೋಡ್ ದಾಟಿಸುವಾಗ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. ಟಿಸಿಪಿ ಹೋಗುವುದಿಲ್ಲ, ಹಾಗಾಗಿ ಝಾಬಿಕ್ಸ್ ಪ್ರಾಕ್ಸಿ, ಐಸಿಂಗಾ, ರಿಮೋಟ್ ರೈಟ್ ಯಾವುದೂ ನೇರವಾಗಿ ಇಲ್ಲ. "ಎನ್‌ಎಸ್‌ಸಿಎ ಬರೀ ತಳ್ಳುವುದಲ್ವಾ, ಅದು ಹೋಗುತ್ತದೆ" ಅಂತ ನಾನೂ ಅಂದುಕೊಂಡಿದ್ದೆ. ಹೋಗಲ್ಲ. ಅದರಲ್ಲಿ ಮೊದಲು ಬಾಯಿ ಬಿಡೋದು ಸರ್ವರ್: ಎನ್‌ಕ್ರಿಪ್ಷನ್‌ಗೆ ಬೇಕಾದ ಒಂದು ತುಣುಕನ್ನೂ ತನ್ನ ಗಡಿಯಾರದ ಸಮಯವನ್ನೂ ಕಳಿಸುತ್ತದೆ, ಅದು ಸಿಕ್ಕ ಮೇಲೆಯೇ ಕ್ಲೈಂಟ್ ಸುದ್ದಿ ಕೊಡೋದು. ಎಸ್‌ಎನ್‌ಎಂಪಿ ಟ್ರ್ಯಾಪ್ ಹೋಗುತ್ತದೆ, ಉತ್ತರ ಬೇಡುವ ಇನ್ಫಾರ್ಮ್ ಹೋಗಲ್ಲ. ಯುಡಿಪಿ 514ರ ಸಿಸ್ಲಾಗ್ ಹೋಗುತ್ತದೆ. ಫೈಲ್ ಸಾಗಿಸುವ ಡಯೋಡ್ ಕೊಂಡಿದ್ದರೆ ಸಿಎಂಸಿಡಂಪ್‌ನ ಫೈಲ್ ಆರಾಮಾಗಿ ಹೋಗುತ್ತದೆ.

ಸ್ವಂತ ಸ್ಕ್ರಿಪ್ಟ್ ಬರೆಯುವವರು ಬದಲಾದದ್ದನ್ನು ಮಾತ್ರ ಕಳಿಸುವ ಜಾಣತನ ಬೇಡ. ಒಂದು ಪ್ಯಾಕೆಟ್ ಕಳೆದರೆ ಮತ್ತೆ ಕಳಿಸು ಅಂತ ಕೇಳುವವರಿಲ್ಲ, ಆ ಸರ್ವಿಸ್ ತಪ್ಪು ಬಣ್ಣದಲ್ಲೇ ಉಳಿಯುತ್ತದೆ. ಪ್ರತಿ ನಿಮಿಷ ಎಲ್ಲವನ್ನೂ ಕಳಿಸಿ. 500 ಸರ್ವಿಸ್, ಒಂದಕ್ಕೆ 200 ಬೈಟ್ ಅಂದುಕೊಂಡರೂ ಸುಮಾರು 100 ಕೆಬಿ, ಏನೂ ಅಲ್ಲ. ಪ್ರತಿ ಸಲಕ್ಕೂ ಒಂದು ಕ್ರಮಸಂಖ್ಯೆ ಇರಲಿ, ನಡುವೆ ಸಂಖ್ಯೆ ಹಾರಿದರೆ ಹೊರಗಿನವರಿಗೆ ಗೊತ್ತಾಗಲಿ.

ಗಡಿಯಾರದ ಚಿಂತೆಯೂ ಇಲ್ಲೇ ಬರುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ನಮ್ಮಲ್ಲಿ ಸಿಸ್ಟಮ್‌ಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಎನ್‌ಟಿಪಿ ಸರ್ವರ್‌ಗೆ, ಅಂದರೆ ಸಮಯ ಹೇಳುವ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದುವ ಸರ್ವರ್‌ಗೆ ಜೋಡಣೆ ಆಗಿರಬೇಕು. ಡಯೋಡ್‌ನ ಒಳಗಿನವರಿಗೆ ಎನ್‌ಟಿಪಿಯ ಉತ್ತರ ಬರುವುದಿಲ್ಲ. ಒಳಗೇ ಒಂದು ಜಿಪಿಎಸ್ ಗಡಿಯಾರ ಬೇಕು, ಬಜೆಟ್ ಹಾಕುವಾಗಲೇ ಅದನ್ನೂ ಬರೆದುಕೊಳ್ಳಿ.

ಏನನ್ನು ಹೊರಗೆ ಬಿಡಬೇಕು

ಯಾವ ದಾರಿಯಾದರೂ ಒಳಗಿನ ಹೆಸರುಗಳನ್ನು ಹಾಗೇ ಹೊರಗೆ ಬಿಡಬೇಡಿ. ಹೋಸ್ಟ್ ಹೆಸರಲ್ಲೇ ಸ್ಕಾಡಾ (ಪ್ಲಾಂಟ್ ಕಂಟ್ರೋಲ್ ಸಿಸ್ಟಮ್), ವಿಂಡೋಸ್ 2008, ರ‍್ಯಾಕ್ ನಂಬರ್ ಎಲ್ಲಾ ತುಂಬಿರುತ್ತದೆ. ಪ್ಲಗಿನ್ ಬರೆಯುವ ವಾಕ್ಯದಲ್ಲಿ ಐಪಿ, ಸಾಫ್ಟ್‌ವೇರ್ ಆವೃತ್ತಿ. ಕಳ್ಳನಿಗೆ ಮನೆ ನಕ್ಷೆ ಪ್ರಿಂಟ್ ಹಾಕಿ ಕೊಟ್ಟ ಹಾಗೆ. ಹೊರಗಿನವರು ಮಾಡಬೇಕಾದ್ದು ಫೋನ್ ಎತ್ತಿ ಒಳಗಿನವರನ್ನು ಎಬ್ಬಿಸುವುದು ಮಾತ್ರ ಆದರೆ "ಲೈನ್ 2, ಸ್ಟೋರೇಜ್, ಕೆಂಪು" ಸಾಕು. ಕಳಿಸುವ ಕಡೆಯಲ್ಲೇ ಹೆಸರು ಬದಲಿಸಿ, ವಾಕ್ಯ ಕತ್ತರಿಸಿ.

ನನ್ನ ಆಯ್ಕೆ ಕೇಳಿದರೆ: ಬ್ರಾಂಚ್ ಆಫೀಸ್‌ಗಳಿಗೆ ಝಾಬಿಕ್ಸ್ ಪ್ರಾಕ್ಸಿ, ಕಣ್ಣುಮುಚ್ಚಿ. ಒಳಗಿನವರು ಹೊರಗಿನವರನ್ನು ನಂಬಬಾರದ ಕಡೆ ಐಸಿಂಗಾ, ಎರಡೂ ಸ್ವಿಚ್ ಆಫ್. ಈಗಾಗಲೇ ನಾಗಿಯೋಸ್ ಇದ್ದರೆ ಕಿತ್ತುಹಾಕುವ ಅಗತ್ಯ ಇಲ್ಲ, ಎನ್‌ಆರ್‌ಡಿಪಿಗೆ ಬದಲಾಯಿಸಿ ಫ್ರೆಶ್‌ನೆಸ್ ಹಾಕಿ. ಡಯೋಡ್ ಇದ್ದರೆ ಫೈಲ್ ಅಥವಾ ಯುಡಿಪಿ. ಹಾಕಿ ಮುಗಿಸಿದ ದಿನವೇ, ಎಲ್ಲರೂ ನೋಡುತ್ತಿರುವಾಗ, ಮೊದಲೇ ಹೇಳಿ ಲಿಂಕ್‌ನ ಕೇಬಲ್ ಕೀಳಿ. ಕೈಯಲ್ಲಿ ವಾಚ್ ಹಿಡಿದುಕೊಂಡು ಎಷ್ಟು ನಿಮಿಷಕ್ಕೆ ಕೆಂಪಾಗುತ್ತದೆ ಅಂತ ಎಣಿಸಿ.

ನಾವು ಆ ಫ್ಯಾಕ್ಟರಿಯಲ್ಲಿ ಎಣಿಸಿದಾಗ 11 ನಿಮಿಷ ಬಂತು. ಜಾಸ್ತಿ ಅನ್ನಿಸಿ 6ಕ್ಕೆ ಇಳಿಸಿದೆವು. ಫೈರ್‌ವಾಲ್‌ನ ಹೊಸ ರೂಲ್‌ನಲ್ಲಿ ಕಾಮೆಂಟ್ ಕಾಲಂ ಖಾಲಿ ಇತ್ತು, ಅಲ್ಲಿ ನಮ್ಮ ಡೆಸ್ಕ್‌ನ ನಂಬರ್ ಬರೆಸಿ "ಮುಚ್ಚುವ ಮುಂಚೆ ಒಂದು ಫೋನ್ ಮಾಡಿ" ಅಂತ ಹಾಕಿಸಿದ್ದೇವೆ.